ಮಾತು ತಡವಾದಾಗ ಕಾಯುವುದು ಸರಿಯೆ?

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಸಮಾಧಾನ ಒಂದೇ: "ಅವನ ತಂದೆಯೂ ತಡವಾಗಿಯೇ ಮಾತು ಕಲಿತದ್ದು; ಕಾಯೋಣ." ಬಜೆ ತೇಯ್ದು ನಾಲಿಗೆಗೆ ಸವರುವುದೂ ಹರಕೆ ಹೊರುವುದೂ ಉಂಟು. ಇವೆಲ್ಲದರ ಹಿಂದಿರುವುದು ವಾತ್ಸಲ್ಯವೇ. ಆದರೆ ಹೀಗೆ ಕಳೆದ ತಿಂಗಳುಗಳು ಮಗುವಿನ ಪಾಲಿಗೆ ಮರಳಿ ಬಾರವು.

ಕೆಲವು ಮಕ್ಕಳು ತಾವಾಗಿಯೇ ಸರಿಹೋಗುವುದು ನಿಜ. ಆದರೆ ಯಾವ ಮಗು ಸರಿಹೋದೀತು, ಯಾವುದು ಹಿಂದುಳಿದೀತು ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು. ಒಂದು ವರ್ಷಕ್ಕೆ ತೊದಲು ಮತ್ತು ಬೆರಳು ತೋರುವ ಸನ್ನೆ, ಒಂದೂವರೆ ವರ್ಷದೊಳಗೆ ಬಿಡಿ ಪದ, ಎರಡು ವರ್ಷಕ್ಕೆ ಎರಡು ಪದಗಳ ಜೋಡಣೆ ಕಾಣದಿದ್ದರೆ ಪರೀಕ್ಷೆಗೆ ಒಯ್ಯಬೇಕು. ಕಲಿತ ಮಾತು ಅಳಿದುಹೋದರಂತೂ ಒಂದು ದಿನವೂ ತಡಮಾಡಬಾರದು. ಮೊದಲು ಪರೀಕ್ಷಿಸಬೇಕಾದುದು ನಾಲಿಗೆಯನ್ನಲ್ಲ, ಕಿವಿಯನ್ನು. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದಿರಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಉಡುಪಿ, ಕಾಪು, ಕಾರ್ಕಳಗಳ ಎಷ್ಟೋ ಮನೆಗಳಲ್ಲಿ ಆಡುವುದು ತುಳು, ಕೊಂಕಣಿ ಅಥವಾ ಬ್ಯಾರಿ, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗು ಮಾತಾಡದಿದ್ದರೆ "ಭಾಷೆಗಳ ಗೊಂದಲ, ಮನೆಮಾತು ಬಿಡಿ" ಎಂದು ಅಧ್ಯಾಪಕರಾದ ನಾವೂ ಉಪದೇಶಿಸುವುದುಂಟು. ಇದು ಸರಿಯಲ್ಲ. ಹಲವು ಭಾಷೆಗಳನ್ನು ಕೇಳುವುದು ಮಾತಿನ ವಿಳಂಬಕ್ಕೆ ಕಾರಣವಲ್ಲ. ಮಗುವಿನ ಪದಗಳನ್ನು ಎಲ್ಲ ಭಾಷೆಗಳಿಂದಲೂ ಕೂಡಿಸಿ ಎಣಿಸಬೇಕು. ತಾಯಿಯು ತನಗೆ ಸರಾಗವಲ್ಲದ ನುಡಿಗೆ ತಿರುಗಿದರೆ ಮಗುವಿಗೆ ದೊರೆಯುವ ಮಾತೇ ಬಡವಾಗುತ್ತದೆ. ಅಜ್ಜಿಯ ಮಾತೂ ದೂರವಾಗುತ್ತದೆ.

ಕಾಪುವಿನ ಕಡಲ ತಡಿಯಲ್ಲಿ ಮಗು "ನೀರ್" ಎಂದರೆ, ತಾಯಿ "ಅಂದ್, ಮಲ್ಲ ನೀರ್" ಎಂದು ತುಳುವಿನಲ್ಲಿಯೇ ಒಂದು ಪದ ಕೂಡಿಸಿ, ಉತ್ತರಕ್ಕೆ ಕ್ಷಣಕಾಲ ಕಾಯಲಿ. ಅದೇ ಉತ್ತಮ ಪಾಠ. "ಹೇಳು, ಹೇಳು" ಎಂಬ ಒತ್ತಾಯವಾಗಲಿ, ಕೈಗಿತ್ತ ಮೊಬೈಲಾಗಲಿ ಅದಕ್ಕೆ ಸಾಟಿಯಲ್ಲ.

ನೆರವು ದೂರವಿಲ್ಲ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ತಜ್ಞರಿದ್ದಾರೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ಮಕ್ಕಳ ತಪಾಸಣೆಗೆ ಅವಕಾಶವಿದೆ. ಶ್ರವಣದೋಷವೂ ಮಾತಿನ ವಿಳಂಬವೂ ಅದರ ವ್ಯಾಪ್ತಿಯಲ್ಲಿವೆ. ಪರೀಕ್ಷೆಯಲ್ಲಿ ದೋಷವಿಲ್ಲವೆಂದು ತಿಳಿದರೆ ನಷ್ಟವಾಗುವುದು ಒಂದು ದಿನ. ದೋಷವಿದ್ದೂ ತಿಳಿಯದೆ ಹೋದರೆ ನಷ್ಟವಾಗುವುದು ಬಾಲ್ಯ. ಮಗು ಶಾಲೆಯ ಮೆಟ್ಟಿಲೇರುವವರೆಗೆ ಕಾಯದಿರೋಣ.