ಎರಡು ಹಲಗೆಗಳ ನಡುವಣ ಬಯಲು

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂದಿತೆಂದರೆ ಮನೆಮನೆಗಳಲ್ಲಿ ಥರ್ಮಾಕೋಲು, ಬಣ್ಣದ ಕಾಗದ, ಅಂಟುಗಳ ಸಡಗರ ಪ್ರಾರಂಭವಾಗುತ್ತದೆ. ಜ್ವಾಲಾಮುಖಿ, ಮಳೆನೀರು ಕೊಯ್ಲು, ಗಾಳಿಯಂತ್ರ ಇವು ವರ್ಷವರ್ಷವೂ ತಪ್ಪದೆ ಬರುವ ಅತಿಥಿಗಳು. ಇವುಗಳ ಸಾಲಿನಲ್ಲಿ ರಿಮೋಟ್ ದೋಣಿಯೂ ಒಮ್ಮೊಮ್ಮೆ ಕಾಣಿಸಿಕೊಳ್ಳುವುದುಂಟು. ನೀರು ತುಂಬಿದ ದೊಡ್ಡದೊಂದು ಟಬ್ಬು, ಅದರಲ್ಲಿ ಅಂಗಡಿಯಿಂದ ಕೊಂಡುತಂದ ದೋಣಿ. ಬಾಲಕನು ಕಡ್ಡಿಯನ್ನು ಅತ್ತ ಸರಿಸಿದರೆ ದೋಣಿ ಅತ್ತ, ಇತ್ತ ಸರಿಸಿದರೆ ಇತ್ತ. ನೆರೆದವರಿಗೆಲ್ಲ ಸಂತೋಷ. “ಇದು ಹೇಗೆ ತಿರುಗಿತಪ್ಪ?” ಎಂದು ಹಿರಿಯರಾರಾದರೂ ಕೇಳಿದರೆ “ರಿಮೋಟ್‌ನಿಂದ, ಅಜ್ಜಾ” ಎಂಬ ಉತ್ತರ ಬರುತ್ತದೆ. ಬಾಲಕನನ್ನು ದೂರುವಂತಿಲ್ಲ. ಅವನಿಗೆ ಕಂಡಿರುವುದೂ ಅಷ್ಟೇ.

ನೀರಿನ ಮೇಲೆ ತೇಲುವ ದೋಣಿಯು ತನ್ನ ಒಡಲನ್ನು ಭದ್ರವಾಗಿ ಮುಚ್ಚಿಕೊಂಡಿರುತ್ತದೆ; ಮುಚ್ಚಿಕೊಳ್ಳದಿದ್ದರೆ ಮುಳುಗುತ್ತದೆ. ಆದುದರಿಂದ ತೋರಿಸಬೇಕಾದುದೆಲ್ಲವೂ ಕಣ್ಣಿಗೆ ಮರೆಯಾಗಿಯೇ ಉಳಿಯುತ್ತದೆ. ದೋಣಿಯ ಚಮತ್ಕಾರವನ್ನಲ್ಲ, ಅದರ ಕಾರ್ಯಕಾರಣವನ್ನು ತೋರಿಸಬೇಕೆಂದರೆ ಒಡಲಿನೊಳಗಿನ ಅಂಗಾಂಗಗಳನ್ನು ಹೊರತೆಗೆದು ಹಲಗೆಯ ಮೇಲೆ ಹರಡಬೇಕು. ಅಂತಹ ಪ್ರದರ್ಶಿಕೆಯೊಂದನ್ನು ಮನೆಯಲ್ಲಿಯೇ ಸಿದ್ಧಪಡಿಸುವ ಬಗೆಯನ್ನು ಈ ಸಂಚಿಕೆಯಲ್ಲಿ ವಿವರಿಸಲಿದ್ದೇವೆ.

ಇಂತಹ ದೋಣಿಯ ಪ್ರಥಮ ಪ್ರದರ್ಶನವೇ ಈ ಕಷ್ಟವನ್ನು ಎದುರಿಸಿತ್ತು. 1898ರಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ನಿಕೋಲ ಟೆಸ್ಲಾ ಅವರು ಕೊಳದಲ್ಲಿ ಪುಟ್ಟ ದೋಣಿಯೊಂದನ್ನು ತೇಲಿಬಿಟ್ಟು, ಯಾವ ತಂತಿಯ ನೆರವೂ ಇಲ್ಲದೆ ಅದನ್ನು ನಡೆಸಿದರು, ತಿರುಗಿಸಿದರು, ಅದರ ದೀಪಗಳನ್ನು ಮಿನುಗಿಸಿದರು. ತಮ್ಮ ಬೇರಾವ ಸಂಶೋಧನೆಯೂ ಇಷ್ಟೊಂದು ಸಂಚಲನವನ್ನುಂಟುಮಾಡಲಿಲ್ಲವೆಂದು ಅವರೇ ಮುಂದೆ 1919ರಲ್ಲಿ ಬರೆದ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಪೇಟೆಂಟ್ ಕಚೇರಿಯ ಮುಖ್ಯ ಪರೀಕ್ಷಕರಿಗೂ ಅರ್ಜಿಯಲ್ಲಿದ್ದ ಮಾತು ನಂಬಲಸಾಧ್ಯವಾಗಿ ತೋರಿ, ಅವರು ಸ್ವತಃ ನ್ಯೂಯಾರ್ಕಿಗೆ ಬಂದು ಕಣ್ಣಾರೆ ಕಂಡ ಬಳಿಕವೇ, ಅದೇ ವರ್ಷದ ನವೆಂಬರ್ 8ರಂದು 6,13,809ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು. ಇದಕ್ಕೂ ಮುನ್ನ 1895ರಲ್ಲಿ ನಮ್ಮ ಜಗದೀಶಚಂದ್ರ ಬೋಸ್ ಅವರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ರೇಡಿಯೋ ತರಂಗಗಳನ್ನು ಗೋಡೆಗಳಾಚೆಗೆ ಕಳುಹಿಸಿ ಗಂಟೆ ಬಾರಿಸಿದ್ದರು, ಸಿಡಿಮದ್ದಿನ ಪುಡಿಯನ್ನು ಸಿಡಿಸಿದ್ದರು. ಬೋಸ್ ಅವರ ಪ್ರದರ್ಶನದಲ್ಲಿ ನಮಗೆ ಬಹಳ ಹಿಡಿಸುವ ಅಂಶವೆಂದರೆ ಆ ಗೋಡೆ. ನಡುವೆ ಗೋಡೆಯಿದ್ದುದರಿಂದ, ಗುಟ್ಟಾಗಿ ತಂತಿ ಎಳೆದಿರಬಹುದೇ ಎಂಬ ಸಂಶಯಕ್ಕೆ ಹೆಚ್ಚಿನ ಎಡೆ ಉಳಿಯಲಿಲ್ಲ.

ಆದಕಾರಣ ನಮ್ಮ ಮೊದಲ ಸಲಹೆ ಇದು: ಪ್ರದರ್ಶಿಕೆಯನ್ನು ಒಂದೇ ಹಲಗೆಯ ಮೇಲೆ ಮಾಡಬೇಡಿ, ಎರಡು ಹಲಗೆ ಮಾಡಿ. ಒಂದರ ಮೇಲೆ ರಿಮೋಟ್ ಮಾತ್ರ. ಇನ್ನೊಂದರ ಮೇಲೆ ದೋಣಿಯೊಳಗೆ ಇರುವುದೆಲ್ಲ. ಎರಡನ್ನೂ ಎರಡು ಬೇರೆ ಮೇಜುಗಳ ಮೇಲಿರಿಸಿ, ನಡುವೆ ಜನರು ನಡೆದಾಡುವಷ್ಟು ದಾರಿ ಬಿಡಿ. ಆ ಬರಿದಾದ ದಾರಿಯೇ ಪ್ರದರ್ಶನದ ಮುಖ್ಯ ಭಾಗ. ನೋಡಲು ಬಂದವರು ತಾವೇ ನಡುವೆ ನಿಂತು, ಕೈಯಾಡಿಸಿ, ತಂತಿಯಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲಿ. ಬೇಕೆಂದರೆ ಒಂದು ಹಲಗೆಯನ್ನು ಪಕ್ಕದ ಕೊಠಡಿಗೆ ಒಯ್ದು ತೋರಿಸಬಹುದು.

ಈ ಬಯಲಿನಲ್ಲಿ ಹಾದುಹೋಗುವುದೇನು? ಇಂದಿನ ರಿಮೋಟ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ತರಂಗಗಳನ್ನು ಬಳಸುತ್ತವೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ತರಂಗವನ್ನು 240 ಕೋಟಿಯಿಂದ ಭಾಗಿಸಿದರೆ ಒಂದೊಂದು ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ. ರಿಸೀವರ್‌ನಿಂದ ಹೊರಚಾಚಿರುವ ಆಂಟೆನಾ ತಂತಿಯ ತುದಿಯನ್ನು ಅಳತೆಪಟ್ಟಿಯಿಟ್ಟು ನೋಡಿದರೆ, ಹೊದಿಕೆಯಿಲ್ಲದ ಭಾಗವು ಸುಮಾರು 3 ಸೆಂಟಿಮೀಟರ್ ಇರುತ್ತದೆ: ಅಲೆಯ ಕಾಲು ಭಾಗ. ಹಿಂದಿನ ಆಟಿಕೆಗಳಲ್ಲಿದ್ದ 27 ಮೆಗಾಹರ್ಟ್ಸ್ ತರಂಗದ ಅಲೆಯಾದರೋ 11 ಮೀಟರ್ ಉದ್ದದ್ದು. ಆ ರಿಮೋಟ್‌ಗಳಿಗೆ ಅಷ್ಟುದ್ದದ ಎಳೆಗಡ್ಡಿ ಏಕೆ ಬೇಕಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಹನ್ನೆರಡೂವರೆ ಸೆಂಟಿಮೀಟರ್ ಅಲೆಗಳ ಚಿತ್ರವನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬರೆದು ಎರಡು ಮೇಜುಗಳ ನಡುವೆ ನೆಲದ ಮೇಲೆ ಅಂಟಿಸಿದರೆ, ಇಷ್ಟು ಹೆಜ್ಜೆಗಳಲ್ಲಿ ಎಷ್ಟು ಅಲೆಗಳು ಎಂದು ಚಿಕ್ಕ ಮಕ್ಕಳೂ ಎಣಿಸುತ್ತಾರೆ.

ಎರಡನೆಯ ಹಲಗೆಯ ವಿಚಾರಕ್ಕೆ ಬರೋಣ. ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಸಾಕು. ದೋಣಿಯ ಆಕಾರವನ್ನು ಅದರ ಮೇಲೆ ಬಣ್ಣದಲ್ಲಿ ಬರೆದು, ಒಳಗಿನ ವಸ್ತುಗಳನ್ನು ಅವು ನಿಜವಾಗಿ ಇರುವ ಸ್ಥಾನದಲ್ಲಿಯೇ ಕೂರಿಸಬೇಕು: ನಡುವೆ ಬ್ಯಾಟರಿ, ಅದರ ಮುಂದೆ ರಿಸೀವರ್, ಹಿಂದೆ ಮೋಟಾರು ಮತ್ತು ಅದರ ವೇಗವನ್ನು ನಿಯಂತ್ರಿಸುವ ಸಾಧನ, ಕಟ್ಟಕಡೆಗೆ ಪ್ರೊಪೆಲರ್ ಮತ್ತು ಚುಕ್ಕಾಣಿ. ತಂತಿಗಳನ್ನು ಹಲಗೆಯ ಹಿಂದೆ ಬಚ್ಚಿಡಬಾರದು. ನಮ್ಮ ಪ್ರದರ್ಶನಗಳಲ್ಲಿ ಅಂದಕ್ಕಾಗಿ ತಂತಿಗಳನ್ನು ಮರೆಮಾಡುವ ರೂಢಿಯೊಂದು ಬೆಳೆದುಬಿಟ್ಟಿದೆ. ಬೆರಳಿಟ್ಟು ತೋರಿಸುತ್ತ ಹೋಗಬೇಕಾದ ದಾರಿಯನ್ನೇ ಅದು ಅಳಿಸಿಬಿಡುತ್ತದೆ.

ಇಡೀ ಹಲಗೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದುದು ಸರ್ವೊ. ಬೆಂಕಿಪೆಟ್ಟಿಗೆಗಿಂತ ತುಸು ದಪ್ಪನಾದ ಈ ಪೆಟ್ಟಿಗೆಯೊಳಗೆ ಪುಟ್ಟದೊಂದು ಮೋಟಾರು, ಹಲ್ಲುಗಾಲಿಗಳ ಸಾಲು, ಮತ್ತು ಹಳೆಯ ರೇಡಿಯೋಗಳ ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿಯಲ್ಲಿ ಇರುತ್ತಿದ್ದಂತಹುದೇ ಒಂದು ಪೊಟೆನ್ಶಿಯೋಮೀಟರ್ ಇರುತ್ತವೆ. ಸರ್ವೊದ ತೋಳು ಈಗ ಎಲ್ಲಿದೆ ಎಂಬುದನ್ನು ಅದು ಸದಾ ವರದಿ ಮಾಡುತ್ತಿರುತ್ತದೆ. ರಿಸೀವರ್‌ನಿಂದ ಸೆಕೆಂಡಿಗೆ ಸುಮಾರು 50 ಸಲ ವಿದ್ಯುತ್ ಮಿಡಿತಗಳು ಬರುತ್ತವೆ. ಮಿಡಿತವು ಒಂದು ಮಿಲಿಸೆಕೆಂಡ್ ಇದ್ದರೆ ತೋಳು ಒಂದು ಕೊನೆಗೆ, ಎರಡು ಮಿಲಿಸೆಕೆಂಡ್ ಇದ್ದರೆ ಇನ್ನೊಂದು ಕೊನೆಗೆ, ಒಂದೂವರೆ ಇದ್ದರೆ ನಟ್ಟನಡುವೆ. “ಇರಬೇಕಾದ ಸ್ಥಾನ” ಮತ್ತು “ಇರುವ ಸ್ಥಾನ” ಇವೆರಡನ್ನೂ ಹೋಲಿಸಿ, ವ್ಯತ್ಯಾಸವಿರುವವರೆಗೆ ಮೋಟಾರು ತಿರುಗುತ್ತದೆ. ವ್ಯತ್ಯಾಸ ಅಳಿದೊಡನೆ ನಿಲ್ಲುತ್ತದೆ. ಟೆಸ್ಲಾ ಅವರ ದೋಣಿಯಲ್ಲಿ ಈ ಸೌಕರ್ಯವಿರಲಿಲ್ಲ. ಅಲ್ಲಿ ಸಂಕೇತ ಬಂದಾಗಲೆಲ್ಲ ಬಿಲ್ಲೆಯೊಂದು ಒಂದು ಹೆಜ್ಜೆ ಮುಂದೆ ಸರಿದು, ಗೊತ್ತಾದ ಅನುಕ್ರಮದಲ್ಲಿ ಚುಕ್ಕಾಣಿಯ ಮೋಟಾರನ್ನು ಚಾಲನೆಗೊಳಿಸುತ್ತಿತ್ತು. ಎಷ್ಟು ತಿರುಗಬೇಕೋ ಅಷ್ಟೇ ತಿರುಗಿ ನಿಲ್ಲುವ ಇಂದಿನ ವಿಧೇಯತೆ ಬೇರೆಯದೇ ಸಂಗತಿ.

ಇದನ್ನು ಕಾಣಿಸಲು ಮೂರು ಉಪಾಯಗಳನ್ನು ಸೂಚಿಸುತ್ತೇವೆ. ಕೆಟ್ಟುಹೋದ ಸರ್ವೊ ಒಂದನ್ನು ಸಂಪಾದಿಸಿ, ನಾಲ್ಕು ತಿರುಪುಗಳನ್ನು ಬಿಚ್ಚಿ, ಒಳಗಿರುವುದನ್ನೆಲ್ಲ ಪಕ್ಕದಲ್ಲಿ ಹರಡಿಡಿ. ಕೆಲಸ ಮಾಡುವ ಸರ್ವೊದ ತೋಳಿಗೆ ಅಡಿಯುದ್ದದ ರಟ್ಟಿನ ಮುಳ್ಳನ್ನು ಕಟ್ಟಿರಿ. ಹಿಂದಿನ ಸಾಲಿನವರಿಗೂ ಕಾಣುತ್ತದೆ. ಅದೇ ತೋಳಿನಿಂದ ಸೈಕಲ್ ಕಡ್ಡಿಯೊಂದನ್ನು ಚುಕ್ಕಾಣಿಗೆ ಜೋಡಿಸಿದರೆ ನಿಜವಾದ ದೋಣಿಯ ಜೋಡಣೆಯೂ ಆಯಿತು. ಮೂರನೆಯದಾಗಿ, ರಿಸೀವರ್‌ನಿಂದ ಬರುವ ಮೂರು ತಂತಿಗಳಲ್ಲಿ ಕೆಂಪು ಮತ್ತು ಕಪ್ಪು (ಅಥವಾ ಕಂದು) ವಿದ್ಯುತ್ತಿನವು, ಬಿಳಿ ಅಥವಾ ಕಿತ್ತಳೆ ಬಣ್ಣದ್ದು ಸಂಕೇತದ್ದು. ಈ ಸಂಕೇತದ ತಂತಿಗೂ ಕಪ್ಪು ತಂತಿಗೂ ನಡುವೆ 1,000 ಓಮ್ ರೆಸಿಸ್ಟರ್‌ನೊಂದಿಗೆ ಕೆಂಪು ಎಲ್‌ಇಡಿ ದೀಪವೊಂದನ್ನು ಬೆಸೆಯಿರಿ. ಮಿಡಿತ ಒಂದರಿಂದ ಎರಡು ಮಿಲಿಸೆಕೆಂಡಿಗೆ ಹಿಗ್ಗಿದಂತೆ ದೀಪ ಉರಿಯುವ ಕಾಲವೂ ಎರಡರಷ್ಟಾಗುವುದರಿಂದ, ಕಡ್ಡಿ ಸರಿಸಿದಂತೆಲ್ಲ ದೀಪದ ಕಾಂತಿ ಮಂದದಿಂದ ಪ್ರಖರವಾಗುತ್ತದೆ. ಸಂಕೇತವು ಬರಿಯ ಮಾತಲ್ಲ, ಕಣ್ಣಿಗೆ ಕಾಣುವ ವಸ್ತುವೆಂಬುದು ಆಗ ಮನವರಿಕೆಯಾಗುತ್ತದೆ.

ಸರ್ವೊದ ತೋಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಲು ಮಕ್ಕಳಿಗೆ ಅವಕಾಶ ಕೊಡಬೇಕು. ಅದು ಎದುರೊತ್ತುತ್ತದೆ. ಸಾಮಾನ್ಯ ಗಾತ್ರದ ಸರ್ವೊ ತನ್ನ ಕೇಂದ್ರದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಸುಮಾರು 3 ಕಿಲೋ ಭಾರವನ್ನು ತಡೆಯಬಲ್ಲುದು. ಬಲವಂತ ಮಾಡಿದರೆ ಪ್ಲಾಸ್ಟಿಕ್ ಹಲ್ಲುಗಳು ಮುರಿದಾವು; ಆದುದರಿಂದ ಯಾರಾದರೂ ಪಕ್ಕದಲ್ಲಿರಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿಬಂದ ಮಕ್ಕಳು ಏನನ್ನು ನೆನಪಿಟ್ಟುಕೊಳ್ಳುತ್ತಾರೆಂದು ಕೇಳಿ ನೋಡಿರಿ. ಗೋಡೆಯ ಬರಹವನ್ನಲ್ಲ, ತಾವೇ ಗುಂಡಿಯೊತ್ತಿ ನಡೆಸಿದ ಯಂತ್ರವನ್ನು. “ಮುಟ್ಟಬೇಡಿ” ಎಂಬ ಫಲಕವನ್ನು ಪ್ರೊಪೆಲರ್ ಒಂದರ ಮುಂದೆ ಮಾತ್ರ ಇಟ್ಟರೆ ಸಾಕು. ಅದಕ್ಕೆ ಪಾರದರ್ಶಕ ಹಾಳೆಯ ಮರೆಯನ್ನೂ ಕಟ್ಟಬೇಕು. ಜಡೆ, ದುಪ್ಪಟ್ಟಾಗಳ ಬಗ್ಗೆ ಎಚ್ಚರವಿರಲಿ.

ಪ್ರೊಪೆಲರಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅದರ ಅಕ್ಷದಂಡವು ಗ್ರೀಸ್ ತುಂಬಿದ ಕೊಳವೆಯ ಮೂಲಕ ಹೊರಬರುತ್ತದೆ, ಆ ಗ್ರೀಸೇ ನೀರನ್ನು ಒಳಗೆ ಬಿಡದ ಬಾಗಿಲು, ಎಂಬುದನ್ನು ತೋರಿಸಿದರಾಯಿತು. ಒಣಗಾಳಿಯಲ್ಲಿ ಬಹಳ ಹೊತ್ತು ರಭಸದಿಂದ ಓಡಿಸಬಾರದು, ದಂಡ ಬಿಸಿಯಾಗುತ್ತದೆ. ಚುಕ್ಕಾಣಿಯಾದರೋ ನೀರಿಲ್ಲದೆ ತನ್ನ ಕೆಲಸವನ್ನು ತೋರಿಸಲಾರದು. ಆದುದರಿಂದ ಪಕ್ಕದಲ್ಲಿ ನೀರಿನ ಟಬ್ಬೂ ಇರಲಿ. ಸಣ್ಣ ದೋಣಿಯೊಂದನ್ನು ಮುಂಭಾಗದಲ್ಲಿ ದಾರದಿಂದ ಕಟ್ಟಿ, ಪ್ರೊಪೆಲರನ್ನು ನಿಧಾನವಾಗಿ ತಿರುಗಿಸಿ, ಹಿಂದೆ ಒಂದು ಹನಿ ಶಾಯಿ ಬಿಟ್ಟರೆ ನೀರಿನ ಹರಿವು ಚುಕ್ಕಾಣಿಗೆ ಬಡಿದು ಬಾಗುವುದು ಕಾಣುತ್ತದೆ. ಚುಕ್ಕಾಣಿ ಬಲಕ್ಕೆ ತಿರುಗಿದರೆ ದೋಣಿಯ ಹಿಂಭಾಗ ಎಡಕ್ಕೆ ಸರಿಯುತ್ತದೆ. ದೋಣಿ ಮೂತಿಯಿಂದ ತಿರುಗುವುದಿಲ್ಲ, ಬಾಲದಿಂದ ತಿರುಗುತ್ತದೆ.

ಇದೇ ಟಬ್ಬಿನಿಂದ ಇನ್ನೊಂದು ಪಾಠವೂ ಸಾಧ್ಯ. ರಿಸೀವರ್, ಸರ್ವೊ, ಬ್ಯಾಟರಿ ಮೂರನ್ನೂ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಭಾರಕ್ಕೆ ಕಲ್ಲು ಹಾಕಿ, ನೀರಿನ ತಳಕ್ಕೆ ಇಳಿಸಿ, ರಿಮೋಟ್ ಹಿಡಿದು ದೂರ ಸರಿಯುತ್ತ ಹೋಗಿ. ಸಮೀಪದಲ್ಲಿ ತೋಳು ಅಲ್ಲಾಡಿದರೂ, ದೂರ ಹೋದಂತೆ ಮೇಲೆ ಸಿಗುತ್ತಿದ್ದ ಸಂಪರ್ಕ ನೀರಿನೊಳಗೆ ಸಿಗದಾಗುತ್ತದೆ. ಈ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಇದೇ ಕಂಪನದ ತರಂಗಗಳಿಂದಲೇ ಆಹಾರದಲ್ಲಿನ ನೀರನ್ನು ಕಾಯಿಸುತ್ತದೆ ಎಂದರೆ ಮಾತೆಯರಿಗೆ ಬೇಗ ಅರ್ಥವಾದೀತು. ಭಯಪಡಬೇಕಾಗಿಲ್ಲ: ಒಲೆಯದು ನೂರಾರು ವಾಟ್‌ಗಳ ಶಕ್ತಿ, ರಿಮೋಟ್‌ನದು ಒಂದು ವಾಟ್‌ನ ಅಲ್ಪಾಂಶ. ದೋಣಿಯ ಆಂಟೆನಾ ಏಕೆ ಸದಾ ನೀರಿನ ಮಟ್ಟದಿಂದ ಮೇಲಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ.

ಇನ್ನು, ಬಹುತೇಕ ಪ್ರದರ್ಶನಗಳು ಬಿಟ್ಟುಬಿಡುವ ಒಂದು ಭಾಗವಿದೆ. ಮೋಟಾರು ತಿರುಗುತ್ತಿರುವಾಗಲೇ ರಿಮೋಟನ್ನು ಆರಿಸಿಬಿಡಿ. ಆಗ ಏನಾಗುತ್ತದೆ? ಸರಿಯಾಗಿ ಹೊಂದಿಸಿದ ರಿಸೀವರ್ ಆದರೆ ಮೋಟಾರು ನಿಲ್ಲುತ್ತದೆ. ಕೆಲವು ರಿಸೀವರ್‌ಗಳಲ್ಲಿ ಇದನ್ನು ನಾವೇ ಮೊದಲು ಗೊತ್ತುಮಾಡಿರಬೇಕು. ಇಲ್ಲವಾದರೆ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಮೋಟಾರು ಓಡುತ್ತಲೇ ಇರಬಹುದು. ಕೆರೆಯಲ್ಲಿ ಹಾಗಾದರೆ ದೋಣಿ ಆಚೆ ದಡದಲ್ಲಿ ಈಜುತ್ತಿರುವ ಮಗುವಿನ ಮೇಲೆ ಹೋದೀತು. ಆಜ್ಞೆ ಪಾಲಿಸುವ ಯಂತ್ರವನ್ನು ತೋರಿಸುವಷ್ಟೇ, ಆಜ್ಞೆ ನಿಂತಾಗ ಅದು ಹೇಗೆ ವರ್ತಿಸುತ್ತದೆಂಬುದನ್ನು ತೋರಿಸುವುದೂ ಅಗತ್ಯ. ಬೇರೆಯವರ ರಿಮೋಟ್‌ಗೆ ಈ ರಿಸೀವರ್ ಏಕೆ ಓಗೊಡುವುದಿಲ್ಲ ಎಂಬ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಇಂದಿನ ಜೋಡಿಗಳು ಮೊದಲೇ ಪರಸ್ಪರ ಗುರುತು ಮಾಡಿಕೊಂಡಿರುತ್ತವೆ. ಅನ್ಯರ ಸಂಕೇತ ನಡುವೆ ನುಸುಳಬಾರದೆಂದು ಎರಡು ಕಂಪನಗಳು ಒಟ್ಟಿಗೆ ಬಂದರೆ ಮಾತ್ರ ಮಣಿಯುವ ವ್ಯವಸ್ಥೆಗೆ ಟೆಸ್ಲಾ ಅವರು 1903ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ತಂದೆ-ತಾಯಿಗಳಲ್ಲಿ ಒಂದು ವಿನಂತಿ. ಸಿದ್ಧಪಡಿಸಿದ ಮಾದರಿಗಳು ಈಗ ಪೇಟೆಯಲ್ಲಿ ಹಣಕ್ಕೆ ದೊರೆಯುತ್ತವೆ. ದೊರೆಯದಿದ್ದರೆ ತಂದೆಯೇ ರಾತ್ರಿಯೆಲ್ಲ ಕುಳಿತು ಮಾಡಿಕೊಡುತ್ತಾರೆ. ಬೆಸುಗೆ ಹಾಕುವಾಗ ಜೊತೆಗಿರುವುದು, ಗರಗಸ ಹಿಡಿಯುವಾಗ ಹಲಗೆಯನ್ನು ಅದುಮಿಹಿಡಿಯುವುದು ಹಿರಿಯರ ಕೆಲಸ. ಯಾವ ತಂತಿ ಎಲ್ಲಿಗೆ ಎಂಬುದನ್ನು ಮಗುವೇ ಜೋಡಿಸಿರಬೇಕು, ಒಮ್ಮೆಯಾದರೂ ತಪ್ಪಾಗಿ ಜೋಡಿಸಿ ಬಿಚ್ಚಿರಬೇಕು. ಹಾಗೆ ಮಾಡಿದ ಮಗು ಅಜ್ಜನ ಪ್ರಶ್ನೆಗೆ ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ ಉತ್ತರಿಸಬಲ್ಲುದು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳಿಗಿಂತ ಆ ತೊದಲು ವಿವರಣೆಗೆ ತೀರ್ಪುಗಾರರು ಹೆಚ್ಚು ಅಂಕ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಎಲ್ಲ ಕಡೆಯೂ ಹಾಗೆ ನಡೆಯುತ್ತಿಲ್ಲ.

ಬ್ಯಾಟರಿಗೆ ಲಿಥಿಯಂ ಪಾಲಿಮರ್ ಬೇಡ; ಚುಚ್ಚಿದರೆ ಅಥವಾ ಅಳತೆ ಮೀರಿ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳುವ ಜಾತಿಯದು. ಜನಸಂದಣಿಯ ಮೇಜಿಗೆ ನಿಕಲ್ ಮೆಟಲ್ ಹೈಡ್ರೈಡ್ ಕೋಶಗಳ ಕಟ್ಟೇ ಲೇಸು. ಹಚ್ಚುವಾಗ ಮೊದಲು ರಿಮೋಟ್, ಬಳಿಕ ದೋಣಿಯ ಹಲಗೆ. ಆರಿಸುವಾಗ ಮೊದಲು ದೋಣಿಯ ಹಲಗೆ, ಬಳಿಕ ರಿಮೋಟ್. ಪ್ರದರ್ಶನ ಮುಗಿದ ಮೇಲೆ ಹಲಗೆಯನ್ನು ಅಟ್ಟಕ್ಕೆ ಏರಿಸಬೇಡಿ. ಅಂಗಾಂಗಗಳನ್ನೆಲ್ಲ ತಿರುಪು ಬಿಚ್ಚಿ ತೆಗೆದು, ಬೇಸಿಗೆಯ ರಜೆಯಲ್ಲಿ ಮರದ ದೋಣಿಯೊಂದರ ಒಡಲಿಗೆ ಅದೇ ಕ್ರಮದಲ್ಲಿ ಜೋಡಿಸಬಹುದು. ಮರದ ಒಡಲನ್ನು ಕಟ್ಟುವ ವಿಧಾನವನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇವೆ.