ಹೊಗೆ ಕಾಣದಿದ್ದರೂ ಕೇಳಲೇಬೇಕು

ತಾಳಮಲೆ, ತಾಳವಾಡಿ ಸೀಮೆಯ ಬಂಧುಗಳೇ,

ಬ್ಯಾಟರಿ ಸ್ಕೂಟರನ್ನು ಹೊಗೆಯಿಲ್ಲದ ಗಾಡಿ ಎಂದು ಮಾರುತ್ತಾರೆ. ಗಾಡಿಯಲ್ಲಿ ಹೊಗೆ ಇಲ್ಲ, ನಿಜ. ಆದರೆ ಅದರ ಮೋಟಾರಿನ ಅಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಲೋಹ ತಯಾರಾಗುವ ಕುಲುಮೆಯಲ್ಲಿದೆ; ಕಣ್ಣಿಗೆ ಬೀಳದ್ದು, ಅಷ್ಟೆ.

ಸುಮಾರು 1,050 ಡಿಗ್ರಿಯಲ್ಲಿ ಕರಗಿದ ಫ್ಲೋರೈಡ್ ಉಪ್ಪಿಗೆ ನಿಯೋಡಿಮಿಯಂ ಆಕ್ಸೈಡ್ ಹಾಕಿ ವಿದ್ಯುತ್ ಹಾಯಿಸುತ್ತಾರೆ. ಲೋಹ ತಳಕ್ಕಿಳಿಯುತ್ತದೆ. ಆಕ್ಸೈಡ್ ಸಾಲದೆ ಹೋದರೆ ವಿದ್ಯುತ್ತು ಉಪ್ಪನ್ನೇ ಒಡೆಯುತ್ತದೆ. ಫ್ಲೋರಿನ್ ಅಲ್ಲಿರುವ ಗ್ರಾಫೈಟಿನ ಇಂಗಾಲವನ್ನು ಹಿಡಿದು ಕಾರ್ಬನ್ ಟೆಟ್ರಾಫ್ಲೋರೈಡ್ ಆಗಿ ಮೇಲೇಳುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಇದರ ಒಂದು ಕಿಲೋ ಸುಮಾರು ಏಳು ಸಾವಿರ ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ಗಾಳಿಯಲ್ಲಿ ಉಳಿಯುವುದು ಸುಮಾರು 50,000 ವರ್ಷ. ಕುಲುಮೆಯ ಹೊಗೆಯನ್ನು ಸುಣ್ಣದ ನೀರಿನಲ್ಲಿ ತೊಳೆದರೆ ಅದರಲ್ಲಿರುವ ಹೈಡ್ರೋಜನ್ ಫ್ಲೋರೈಡ್ ಸಿಕ್ಕುತ್ತದೆ, ಇದು ಸಿಕ್ಕುವುದಿಲ್ಲ. ಹಾಗಾಗಿ ಕುಲುಮೆಯೊಳಗೇ ತಡೆಯಬೇಕು.

ಮುದ್ದೆ ತಿರುವುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ಒಮ್ಮೆಲೇ ಸುರಿದರೆ ಗಂಟು, ಕಡಿಮೆಯಾದರೆ ಅಂಬಲಿ. ಆ ಉಪ್ಪು ಕರಗಿಸಿಕೊಳ್ಳುವುದು ನೂರಕ್ಕೆ ಕೆಲವೇ ಪಾಲು ಆಕ್ಸೈಡ್. ಹೆಚ್ಚಾದದ್ದು ತಳದಲ್ಲಿ ಗಷ್ಟಾಗಿ ಕೂರುತ್ತದೆ, ಕಡಿಮೆಯಾದರೆ ಗ್ಯಾಸ್. ಕೈಯಿಂದ ಗೋರಿ ಹಾಕುವ ಕಡೆ ಈ ಅಂದಾಜು ತಪ್ಪದೆ ಇರುವುದಿಲ್ಲ. ಯಂತ್ರವೇ ಚಿಟಿಕೆ ಚಿಟಿಕೆಯಾಗಿ ಹಾಕಲಿ, ಆಕ್ಸೈಡ್ ಕಡಿಮೆಯಾದಾಗ ವೋಲ್ಟೇಜ್ ಜಿಗಿಯುವುದನ್ನು ಕಂಪ್ಯೂಟರ್ ಕಾಯಲಿ. ಅಲ್ಯೂಮಿನಿಯಂ ತೆಗೆಯುವುದೂ ಕರಗಿದ ಫ್ಲೋರೈಡ್ ಉಪ್ಪಿನಲ್ಲೇ. ಒಂದು ಕಾಲಕ್ಕೆ ನಮ್ಮ ಪಕ್ಕದ ಮೆಟ್ಟೂರಿನಲ್ಲೂ ತೆಗೆಯುತ್ತಿದ್ದರು. ಆ ಉದ್ಯಮ ಜಗತ್ತಿನಾದ್ಯಂತ ಟನ್ನಿಗೆ ಬಿಡುವ ಈ ಗ್ಯಾಸನ್ನು 1990ರಿಂದೀಚೆಗೆ ಬಹುಪಾಲು ಇಳಿಸಿದ್ದು ಮುಖ್ಯವಾಗಿ ಇದೇ ಉಪಾಯದಿಂದ.

2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಅಯಸ್ಕಾಂತ ಕಾರ್ಖಾನೆಗಳಿಗೆ 7,280 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಗುರಿ ವರ್ಷಕ್ಕೆ 6,000 ಟನ್. ಆಕ್ಸೈಡಿನಿಂದ ಲೋಹ ಮಾಡುವ ಹಂತವೂ ಅದರಲ್ಲಿದೆ. ಕಾರ್ಖಾನೆ ಬೇಡವೆಂದು ನಾವು ಹೇಳುತ್ತಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಚೀನಾ ಈ ಅಯಸ್ಕಾಂತಗಳ ರಫ್ತಿಗೆ ಬಿಗಿ ಹಾಕಿದಾಗ ಮೋಟಾರು ಕಂಪನಿಗಳು ಪರದಾಡಿದ್ದನ್ನು ಎಲ್ಲರೂ ಕಂಡಿದ್ದೇವೆ. ಆದರೆ ನಮ್ಮ ತೆರಿಗೆ ಹಣ ಪಡೆಯುವ ಒಂದೊಂದು ಕುಲುಮೆಯ ಮೇಲೂ ಗ್ಯಾಸ್ ಅಳೆಯುವ ಯಂತ್ರವಿರಬೇಕು, ಆ ಅಂಕಿ ಜನರಿಗೆ ಸಿಗಬೇಕು. ಲೆಕ್ಕ ಹಾಕುವುದು ಹೇಗೆಂದು ಗೊತ್ತಿಲ್ಲ ಎನ್ನುವಂತಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲೇ ಇದರ ಪದ್ಧತಿ ಕೊಟ್ಟಿದೆ.

"ನಮ್ಮ ಬೆಟ್ಟದಲ್ಲಿ ಕುಲುಮೆಯೇ ಇಲ್ಲವಲ್ಲಣ್ಣ, ನಮಗೇಕೆ?" ಎನ್ನುವವರಿದ್ದಾರೆ. ಭೂಮಿ ಬಿಸಿಯಾದರೆ ಮಳೆಯ ನಡೆ ಕೆಡುತ್ತದೆ; ಮಳೆ ನಂಬಿ ರಾಗಿ ಬಿತ್ತುವವರು ಕೇಳದೆ ಇನ್ನಾರು ಕೇಳಬೇಕು? ಕುಲುಮೆ ಕಟ್ಟಿ ಮುಗಿದ ಮೇಲೆ ಷರತ್ತು ಹಾಕಹೋದರೆ ಖರ್ಚಿನ ನೆಪ ಬರುತ್ತದೆ. ಕೇಳುವುದಾದರೆ ಈಗಲೇ.

ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಬರೆಸೋಣ. ಮನವಿ ಕನ್ನಡದಲ್ಲೂ ತಮಿಳಿನಲ್ಲೂ ಸಿದ್ಧವಿದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ.