ಆರಾಮದ ಅಳತೆ

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ನಡೆದ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಪ್ರಯೋಗದಲ್ಲಿ 1,620 ಮಂದಿ ಸ್ತ್ರೀಯರು ಸಮ್ಮತಿಯಿತ್ತು ಪಾಲ್ಗೊಂಡುದರಿಂದಲೇ, ಬಾಣಂತಿಯ ಅಡಿಯಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಶೇಖರವಾದ ನೆತ್ತರನ್ನು ಅಳೆದು, ಹೆರಿಗೆಯ ಅನಂತರದ ರಕ್ತಸ್ರಾವವು ಈ ಗುಳಿಗೆಯಿಂದ ನೂರಕ್ಕೆ 12ರಿಂದ 6.4ಕ್ಕೆ ಇಳಿಯುವುದೆಂದು ವೈದ್ಯಶಾಸ್ತ್ರವು ಅರಿಯಿತು.

ನೆಮ್ಮದಿಯನ್ನು ಅಳೆಯುವುದು ನೆತ್ತರನ್ನು ಅಳೆಯುವುದಕ್ಕಿಂತ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ 26 ಪ್ರಶ್ನೆಗಳು ನಿದ್ರೆ, ನೋವು, ಹಣ, ಸ್ನೇಹಗಳನ್ನು ವಿಚಾರಿಸುವುವಾದರೂ, ಮೂಡಲಗಿಯ ಕಬ್ಬಿನ ಹೊಲದಿಂದ ಬಂದ ತಾಯಿಯೊಬ್ಬಳು ಸೊಂಟ ಹಿಡಿದುಕೊಂಡೇ ‘ಆರಾಮ ಅದೀನ್ರಿ’ ಎನ್ನುವಳು. ಗೋಕಾಕ, ಹುಕ್ಕೇರಿಗಳ ಜನರು ಇಂತಹ ಪ್ರಯೋಗಗಳಿಗೆ ಹಿಂಜರಿಯದೆ ಬರಬೇಕೆಂದು ಬಯಸುವ ನಾನು, ಪ್ರಶ್ನಿಸುವವರು ಅವಳ ಮಾತಿನಲ್ಲಿಯೇ ಕೇಳಿ, ಒಪ್ಪಿಗೆಯನ್ನು ಯಾವ ಗಳಿಗೆಯಲ್ಲಾದರೂ ಹಿಂತೆಗೆದುಕೊಳ್ಳಬಹುದೆಂದು ಮೊದಲೇ ತಿಳಿಸಿ, ಆ ಸೊಂಟದ ಮೇಲಿನ ಕೈಯನ್ನೂ ಉತ್ತರವೆಂದೇ ಬರೆದುಕೊಳ್ಳಬೇಕೆಂದು ಆಗ್ರಹಿಸುತ್ತೇನೆ.